ಅಗಾತಾಳ ಮೇಲಿನ ಕೋಣೆ

ಇಂಥ ಕಥೆಗಳನ್ನು ನಾನು ನಂಬುವವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಮೂಲ್ಕಿ ಕಡೆ. ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ಕೈಮುಗಿಯುವುದು ಬೇರೆ, ಅದು ಹಿರಿಯರಿಂದ ಬಂದದ್ದು. ಆದರೆ ಯಾರಾದರೂ ತಮಗೆ ಸೂಚನೆ ಸಿಕ್ಕಿತು, ಒಳಗಿನಿಂದ ಏನೋ ಹೇಳಿದಂತಾಯಿತು ಎಂದೆಲ್ಲ ಶುರುಮಾಡಿದರೆ ನಾನು ಮೆಲ್ಲಗೆ ಎದ್ದು ಚಹಾ ಮಾಡಲು ಹೋಗುತ್ತಿದ್ದೆ. ಹನ್ನೊಂದು ವರ್ಷ ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ, ತಲೆಯಲ್ಲಿರುವುದನ್ನಲ್ಲ ಎಂದು ಮಕ್ಕಳಿಗೆ ದಿನಾ ಹೇಳುತ್ತಿದ್ದೆ. ನನ್ನ ಕಣ್ಣಿನ ಬಗ್ಗೆ ನನಗೆ ತುಸು ಜಂಬವೇ ಇತ್ತು.

ಆ ಜಂಬ ಇಳಿದದ್ದು ಕತಾರಿನಲ್ಲಿ, ಮೂರು ವರ್ಷದ ಹಿಂದಿನ ಒಂದು ಗುರುವಾರ, ಹಾಡುಹಗಲಿನಲ್ಲಿ. ನೀವು ನಂಬಬೇಕೆಂದು ನಾನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನನ್ನ ಗಂಡನಿಗೆ ಇಲ್ಲಿ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ. ಅಲ್ ವುಕೈರ್‌ನಲ್ಲಿ ನಮ್ಮ ಫ್ಲ್ಯಾಟು. ಮಗಳು ಶಾಲೆಗೆ ಹೋದ ಮೇಲೆ ಎಸಿಯ ಸದ್ದು ಕೇಳುತ್ತ ಕೂರುವುದು ನನ್ನಿಂದಾಗದೆ ಕೆಲಸ ಹುಡುಕುತ್ತಿದ್ದೆ. ಪರಿಚಯದವರ ಮೂಲಕ ಒಂದು ವಿಚಿತ್ರ ಕೆಲಸವೇ ಸಿಕ್ಕಿತು. ಇಲ್ಲಿನ ಹಿರಿಯರೊಬ್ಬರಿಗೆ ಹಳೆಯ ಮುದ್ರಣಚಿತ್ರಗಳನ್ನು ಸಂಗ್ರಹಿಸುವ ಹುಚ್ಚು. ಅವರ ವಿಲ್ಲಾದ ಒಂದು ಭಾಗವನ್ನೇ ಅದಕ್ಕೆ ಬಿಟ್ಟುಕೊಟ್ಟಿದ್ದರು. ಯುರೋಪಿನಿಂದ ಅವರು ತರಿಸಿದ ಹೊಸ ಕಟ್ಟೊಂದರಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳು, ಒಂದಷ್ಟು ತಾಮ್ರದ ತಗಡುಗಳು, ಒಂದು ಕಟ್ಟು ಪತ್ರಗಳು ಇದ್ದವು. ಪ್ರತಿ ಚಿತ್ರದ ಅಳತೆ ತೆಗೆಯುವುದು, ಫೋಟೋ ಹಿಡಿಯುವುದು, ಅದರಲ್ಲಿ ಏನೇನಿದೆ ಎಂದು ಕಂಪ್ಯೂಟರಿನ ಫಾರ್ಮಿನಲ್ಲಿ ಐದಾರು ವಾಕ್ಯ ಬರೆಯುವುದು ನನ್ನ ಕೆಲಸ. ಮೇಲ್ವಿಚಾರಣೆಗೆ ರೀಮಾ ಎಂಬ ಲೆಬನಾನಿನ ಹೆಂಗಸಿದ್ದಳು. ಚುರುಕು, ಮಾತು ಖಡಕ್ಕು, ಮನಸ್ಸು ಒಳ್ಳೆಯದು.

ಆ ಚಿತ್ರಗಳನ್ನೆಲ್ಲ ಮಾಡಿದವಳು ಒಬ್ಬಳೇ ಹೆಂಗಸು. ಸಂಗ್ರಾಹಕರಿಗೆ ಸಂಕೋಚವಾಗಬಾರದೆಂದು ಅವಳ ನಿಜವಾದ ಹೆಸರನ್ನು ಬರೆಯುವುದಿಲ್ಲ, ಅಗಾತಾ ಎನ್ನುತ್ತೇನೆ. ಹೆಸರು ಬರೆದರೂ ನಿಮಗೆ ಗೊತ್ತಾಗುವುದು ಕಷ್ಟ. ಅವಳ ಊರಿನವರೇ ಅವಳನ್ನು ಮರೆತಿದ್ದಾರೆ. ಉತ್ತರದ ಚಳಿಯ ಸಮುದ್ರದ ದಡದಲ್ಲಿ ಒಂದು ಸಣ್ಣ ಬಂದರು. ಅಪ್ಪ ಬೀಗ ಮಾಡುವವನು. ಅವನು ಮಾಡಿದ ಹಿತ್ತಾಳೆ ಬೀಗಗಳ ಮೇಲೆ ಸಣ್ಣ ಉಳಿಯಿಂದ ಬಳ್ಳಿ, ಎಲೆ ಕೊರೆಯುವುದು ಮಗಳ ಕೆಲಸವಾಗಿತ್ತಂತೆ. ಆಮೇಲೆ ಬಿಸ್ಕತ್ತಿನ ಡಬ್ಬಿಗಳಿಗೆ ಲೇಬಲ್ ಅಚ್ಚುಹಾಕುವ ಕಾರ್ಖಾನೆಗೆ ಸೇರಿದಳು. ಅಲ್ಲಿ ನಕ್ಷೆ ಅಚ್ಚುಹಾಕುತ್ತಿದ್ದ ಮುದುಕನೊಬ್ಬ ಅವಳಿಗೆ ತಾಮ್ರದ ಕೆಲಸ ಕಲಿಸಿದ. ತಗಡಿನ ಮೇಲೆ ಮೇಣ ಹಚ್ಚಿ, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಅದ್ದಿದರೆ ಗೀಚಿದಲ್ಲೆಲ್ಲ ತಾಮ್ರ ತಿಂದುಹೋಗಿ ಗೀರು ಆಗುತ್ತದೆ. ಆ ಗೀರುಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಇಟ್ಟು ಒತ್ತಿದರೆ ಚಿತ್ರ. ಕನ್ನಡಿಯಲ್ಲಿ ಕಂಡ ಹಾಗೆ ಅದು ಎಡಬಲ ತಿರುವುಮುರುವಾಗಿ ಬರುತ್ತದೆ, ಇದನ್ನು ನೆನಪಿಟ್ಟುಕೊಳ್ಳಿ.

ಅಗಾತಾ ಒಂದು ಹಳೆಯ ಪ್ರೆಸ್ಸು ಕೊಂಡಳು. ಅದು ಬಾಗಿಲಲ್ಲಿ ಹಿಡಿಸದೆ ಕಿಟಕಿ ಕಿತ್ತು ಒಳಗೆ ತರಬೇಕಾಯಿತಂತೆ. ಕೆಳಗೆ ಪ್ರೆಸ್ಸು, ಮೇಲೆ ಎರಡು ಕೋಣೆ. ಒಂದು ಅವಳದು, ಇನ್ನೊಂದು ಅವಳ ತಮ್ಮನದು. ಮದುವೆಯಾಗಲಿಲ್ಲ. ಹಗಲೆಲ್ಲ ಕಾರ್ಖಾನೆ, ಉಳಿದ ಹೊತ್ತು ತಾಮ್ರ. ಊರಿನ ಪುರಭವನದಲ್ಲಿ ಒಂದೇ ಒಂದು ಸಲ ಪ್ರದರ್ಶನ ಆಯಿತು, ಅಲ್ಲಿ ಎರಡೋ ಮೂರೋ ಮಾರಾಟವಾದವು. ಆಮ್ಲದ ಹೊಗೆಯಿಂದ ಕೊನೆಗಾಲಕ್ಕೆ ಕಣ್ಣು ಮಂದವಾಗಿ, ತಗಡನ್ನು ಬೆರಳಿನಿಂದ ತಡವಿಕೊಂಡೇ ಕೆಲಸ ಮಾಡುತ್ತಿದ್ದಳಂತೆ. ಇದಿಷ್ಟೂ ಕಟ್ಟಿನ ಜೊತೆ ಬಂದ ಎರಡು ಪುಟದ ಟಿಪ್ಪಣಿಯಿಂದ ಗೊತ್ತಾದದ್ದು.

ಅವಳ ಚಿತ್ರಗಳು ನನ್ನನ್ನು ಹಿಡಿದುಕೊಂಡುಬಿಟ್ಟವು. ಏಣಿಮೆಟ್ಟಿಲು, ಬಾಗಿಲ ಚಿಲಕ, ಮೀನಿನ ಪೆಟ್ಟಿಗೆ, ಹಗ್ಗದ ಮೇಲೆ ಒಣಹಾಕಿದ ಅಂಗಿ, ಖಾಲಿ ಕೋಣೆಗಳು. ಮನುಷ್ಯರು ಅಪರೂಪ, ಇದ್ದರೂ ಬೆನ್ನು ಮಾತ್ರ. ಅಷ್ಟೂ ಚಿತ್ರಗಳಲ್ಲಿ ಒಂದೇ ಒಂದು ಮುಖವಿಲ್ಲ. ಎಲ್ಲ ಚಿತ್ರಗಳಲ್ಲೂ ಯಾರೋ ಈಗಷ್ಟೆ ಎದ್ದು ಹೋದ ಹಾಗೆ ಅಥವಾ ಯಾರೋ ಬರಬೇಕಾಗಿರುವ ಹಾಗೆ ಒಂದು ತಹತಹ. ಮನೆಗೆ ಹೋಗಿ ಅಕ್ಕಿ ತೊಳೆಯುವಾಗಲೂ ಆ ಮೆಟ್ಟಿಲುಗಳು ಕಣ್ಣಮುಂದೆ ಬರುತ್ತಿದ್ದವು.

ಈ ಚಿತ್ರಗಳಿಗೆ ಚೌಕಟ್ಟು ಹಾಕುತ್ತಿದ್ದವರು ಇಸ್ಮಾಯಿಲ್ ಕಾಕ. ಬಂಟ್ವಾಳದವರು, ಅರವತ್ತರ ಹತ್ತಿರ ವಯಸ್ಸು. ಮೂವತ್ತು ವರ್ಷದ ಹಿಂದೆ ಬಡಗಿಯಾಗಿ ಬಂದವರು ಈಗ ಇಂಡಸ್ಟ್ರಿಯಲ್ ಏರಿಯಾದ ಒಂದು ಮರದ ವರ್ಕ್‌ಶಾಪಿನಲ್ಲಿ ಚೌಕಟ್ಟಿನ ಮೇಸ್ತ್ರಿ. ವಾರಕ್ಕೆರಡು ಸಲ ವ್ಯಾನಿನಲ್ಲಿ ಬಂದು ಅಳತೆ ತೆಗೆದುಕೊಂಡು ಹೋಗುವರು. ನಾನು ಹಿಂದೆ ಟೀಚರ್ ಆಗಿದ್ದೆ ಎಂದು ಗೊತ್ತಾದ ದಿನದಿಂದ ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಅಗಾತಾಳ ಚಿತ್ರಗಳನ್ನು ಅವರು ನೋಡುವ ರೀತಿಯೇ ಬೇರೆ. "ಈ ಹೆಂಗಸಿಗೆ ಮರ ಗೊತ್ತುಂಟು ಟೀಚರ್. ಬಾಗಿಲಿನ ಹಲಗೆ ಹೇಗೆ ಜೋಡಿಸಿದ್ದಾಳೆ ನೋಡಿ. ತೆಗೆದ್ರೆ ಕಿರ್ ಅನ್ಬೇಕು" ಎನ್ನುತ್ತಿದ್ದರು.

ಅಲ್ ಮನ್ಸೂರಾದ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಅವರ ಕೋಣೆ. ಒಮ್ಮೆ ಊರಿಗೆ ಹೊರಟಿದ್ದ ನಮ್ಮ ಕೈಯಲ್ಲಿ ಮೊಮ್ಮಗಳಿಗೆಂದು ಒಂದು ಪಾರ್ಸೆಲ್ ಕೊಟ್ಟಿದ್ದರು, ಅದನ್ನು ತರಲು ನನ್ನ ಗಂಡ ಅಲ್ಲಿಗೆ ಹೋಗಿದ್ದರು. ಹಾಗಾಗಿ ಜಾಗ ಗೊತ್ತಿತ್ತು. ಕೋಣೆಯಲ್ಲಿ ಅವರ ಜೊತೆ ಇನ್ನೊಬ್ಬರಿದ್ದರು. ಆ ಆಗಸ್ಟಿನಲ್ಲಿ ಆ ಜೊತೆಗಾರ ರಜೆಯ ಮೇಲೆ ಊರಿಗೆ ಹೋಗಿದ್ದರು.

ಆ ವಾರ ಇಸ್ಮಾಯಿಲ್ ಕಾಕ ಬುಧವಾರವೇ ಬಂದು ಚಿತ್ರಗಳನ್ನು ಒಯ್ದಿದ್ದರು. ಗುರುವಾರ ರಜೆ ಹಾಕಿದ್ದರು. "ನಾಳೆ ಸ್ವಲ್ಪ ನಿದ್ದೆ ಮಾಡ್ಬೇಕು. ಶುಕ್ರವಾರ, ಶನಿವಾರ ಹೇಗೂ ಬಂದ್. ಭಾನುವಾರ ಸಿಗುವ" ಎಂದು ಹೇಳಿ ಹೋಗಿದ್ದರು. ಅಂದರೆ ಆ ಗುರುವಾರ ನಾನು ಅವರನ್ನು ಕಾಯುತ್ತಿರಲಿಲ್ಲ, ಯಾರೂ ಕಾಯುತ್ತಿರಲಿಲ್ಲ.

ಅಂದು ಬೆಳಿಗ್ಗೆಯಿಂದಲೇ ಹೊರಗೆ ಧೂಳಿನ ಗಾಳಿ. ಕಿಟಕಿಯಾಚೆ ಎಲ್ಲ ಕಂದು ಬಣ್ಣ. ಒಳಗೆ ಚಿತ್ರಗಳಿಗಾಗಿ ಎಸಿ ಎಷ್ಟು ತಂಪಾಗಿರುತ್ತದೆಂದರೆ ಆಗಸ್ಟಿನಲ್ಲೂ ನಾನು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ಐದಾರು ಚಿತ್ರ ಮುಗಿಸಿ ನಲವತ್ತೇಳನೆಯದನ್ನು ಮೇಜಿನ ಮೇಲಿಟ್ಟೆ. ಅದರ ಕೆಳಗೆ ಅಗಾತಾ ಪೆನ್ಸಿಲಿನಲ್ಲಿ ಬರೆದ ಹೆಸರಿತ್ತು. ಅದರ ಅರ್ಥ 'ಮೇಲಿನ ಕೋಣೆ'. ಸಣ್ಣ ಚಿತ್ರ, ಎರಡು ಅಂಗೈ ಜೋಡಿಸಿದಷ್ಟು. ಒಂದು ಮಂಚ, ಆರು ಗಾಜಿನ ಕಿಟಕಿ, ಮುಚ್ಚಿದ ಬಾಗಿಲು, ಹಲಗೆಯ ನೆಲ. ಫೋಟೋ ಹಿಡಿದು, ಅಳತೆ ತೆಗೆದು, ನೋಡುತ್ತ ನೋಡುತ್ತ ಟೈಪ್ ಮಾಡಿದೆ. ಪಕ್ಕದ ಮಸೀದಿಯಿಂದ ಮಧ್ಯಾಹ್ನದ ಬಾಂಗ್ ಕೇಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಬರೆದದ್ದನ್ನು ಸೇವ್ ಮಾಡಿ ಮುಂದಿನ ಚಿತ್ರ ತೆಗೆದೆ.

ಅಲ್ಲಿಂದ ಶುರುವಾಯಿತು. ಏನು ಎಂದು ಹೇಳುವುದು ಕಷ್ಟ. ಗ್ಯಾಸ್ ಆಫ್ ಮಾಡದೆ ಮನೆ ಬಿಟ್ಟು ಬಂದವರಿಗೆ ಆಗುತ್ತದಲ್ಲ, ಅಂಥ ಒಂದು ಚಡಪಡಿಕೆ. ನಲವತ್ತೆಂಟನೆಯ ಚಿತ್ರದ ಅಳತೆಯನ್ನು ಎರಡು ಸಲ ತಪ್ಪು ಬರೆದೆ. ಎದ್ದು ನೀರು ಕುಡಿದೆ. ಮಗಳ ಶಾಲೆಗೆ ಫೋನ್ ಮಾಡಿದೆ, ಮಗಳು ಕ್ಲಾಸಿನಲ್ಲಿದ್ದಾಳೆ, ಏನಾಗಿಲ್ಲ ಎಂದರು. ಗಂಡನಿಗೆ ಫೋನ್ ಮಾಡಿದೆ. "ಎಂತ ಆಯ್ತು?" ಎಂದರು. "ಏನಿಲ್ಲ, ಸುಮ್ಮನೆ" ಎಂದೆ. ಮೂಲ್ಕಿಯಲ್ಲಿ ತಂಗಿಯ ಮನೆಯಲ್ಲಿರುವ ಅಮ್ಮನಿಗೆ ಮಾಡಿದೆ. ಅವರು ಟಿವಿ ನೋಡುತ್ತಿದ್ದರು, ಧಾರಾವಾಹಿಯ ನಡುವೆ ಫೋನ್ ಬಂತೆಂದು ಸ್ವಲ್ಪ ಸಿಡುಕಿದರು. ನನ್ನವರೆಲ್ಲ ಕ್ಷೇಮ. ಆದರೂ ಚಡಪಡಿಕೆ ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ಅಡ್ಡಾಡಿದೆ. ರೀಮಾ ತಲೆ ಎತ್ತಿ ನೋಡಿ, ಹುಷಾರಿಲ್ಲದಿದ್ದರೆ ಮನೆಗೆ ಹೋಗು ಎಂದಳು.

ಇಸ್ಮಾಯಿಲ್ ಕಾಕನಿಗೆ ಯಾಕೆ ಫೋನ್ ಮಾಡಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನೆಪಕ್ಕೆ ಒಂದು ಚೌಕಟ್ಟಿನ ಅಳತೆ ಕೇಳುವುದಿತ್ತು, ಅದು ಭಾನುವಾರವೂ ಆಗುತ್ತಿತ್ತು. ರಿಂಗ್ ಆಯಿತು, ಎತ್ತಲಿಲ್ಲ. ನಿದ್ದೆ ಮಾಡುತ್ತೇನೆ ಎಂದಿದ್ದರಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದೆ. ಮೂರನೆಯ ಸಲವೂ ಎತ್ತಲಿಲ್ಲ. ನಾಲ್ಕನೆಯದಕ್ಕೂ ಉತ್ತರವಿಲ್ಲದಾಗ ಚೀಲ ಎತ್ತಿಕೊಂಡು ಹೊರಟೇಬಿಟ್ಟೆ.

ಗಂಡನಿಗೆ ಬರಹೇಳಿದೆ. ಅವರು ಆಫೀಸಿನಿಂದ ಬಂದು ನನ್ನನ್ನು ಹತ್ತಿಸಿಕೊಳ್ಳುವಾಗ ಮೂರೂವರೆಯಾಗಿತ್ತು. ಧೂಳಿನಲ್ಲಿ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಅಲ್ಲ ಮಾರಾಯ್ತಿ, ಗಂಡಸರು ಮಾತ್ರ ಇರುವ ಬಿಲ್ಡಿಂಗು ಅದು. ಅಲ್ಲಿ ಹೋಗಿ ಎಂತ ಹೇಳುದು? ರಜೆ ಹಾಕಿ ಮಲಗಿದ ಮನುಷ್ಯ ಫೋನ್ ಎತ್ತಲಿಲ್ಲ ಅಂತ ಬಾಗಿಲು ತಟ್ಟುದಾ?" ಎಂದರು.

"ತಟ್ಟಿ ನೋಡುವ. ಎದ್ದು ಬಂದ್ರೆ ಬೈಸಿಕೊಳ್ಳುವ" ಎಂದೆ.

ಅವರು ಗಾಡಿಯನ್ನು ಮನ್ಸೂರಾದ ಕಡೆ ತಿರುಗಿಸಿದರು. ನಿನ್ನ ಮುಖ ನೋಡಿ ಹೆದರಿದ್ದೆ ಎಂದು ಆಮೇಲೆ ಹೇಳಿದರು.

ಕೆಳಗೆ ನಾತೂರ್, ಅಂದರೆ ಕಟ್ಟಡದ ಕಾವಲುಗಾರ, ನೇಪಾಳದವನು. ಚಾಚಾ ಬೆಳಿಗ್ಗೆಯಿಂದ ಕೆಳಗೆ ಬಂದಿಲ್ಲ, ಮಲಗಿರಬೇಕು ಎಂದು ಹಿಂದಿಯಲ್ಲಿ ಹೇಳಿದ. ಮೂರು ಮಹಡಿ ಹತ್ತಿದೆವು. ತಟ್ಟಿದೆವು, ಕರೆದೆವು, ಸದ್ದಿಲ್ಲ. ಪಕ್ಕದ ಕೋಣೆಗಳವರೆಲ್ಲ ಕೆಲಸಕ್ಕೆ ಹೋಗಿದ್ದರು. ಇನ್ನೊಂದು ಕೀ ಕೆಳಗಿನ ಆಫೀಸಿನಲ್ಲಿದೆ, ಬಾಸನ್ನು ಕೇಳದೆ ತೆಗೆಯುವ ಹಾಗಿಲ್ಲ ಎಂದ ನಾತೂರ್. ನಾನು ಬಾಗಿಲಿಗೆ ಕಿವಿಯಿಟ್ಟು ಇಸ್ಮಾಯಿಲ್ ಕಾಕನ ನಂಬರಿಗೆ ಮತ್ತೊಮ್ಮೆ ರಿಂಗ್ ಕೊಟ್ಟೆ. ಒಳಗೆ ಫೋನು ಹೊಡೆದುಕೊಳ್ಳತೊಡಗಿತು. ದೂರದಲ್ಲಲ್ಲ, ಅಲ್ಲೇ, ಬಾಗಿಲಿನ ಬುಡದಲ್ಲಿ.

ನಾತೂರ್ ಕೂಡ ಅದನ್ನು ಕೇಳಿಸಿಕೊಂಡ. ಕ್ಷಣ ನನ್ನ ಮುಖ ನೋಡಿ ಕೆಳಗೆ ಓಡಿದವನು ಕೀ ಹಿಡಿದುಕೊಂಡೇ ಬಂದ. ಬೀಗ ತೆರೆದುಕೊಂಡಿತು, ಆದರೆ ಬಾಗಿಲು ನಾಲ್ಕು ಬೆರಳಿನಷ್ಟು ತೆರೆದು ಅಲ್ಲೇ ನಿಂತಿತು. ಆ ಸಂದಿನಲ್ಲಿ ನೆಲದ ಮೇಲೆ ಒಂದು ಕೈ ಕಂಡಿತು. ಮೇಸ್ತ್ರಿಯ ಕೈ, ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ಮರದ ಪಾಲಿಶಿನ ಕಲೆ. ಬೆರಳುಗಳು ಸ್ವಲ್ಪ ಅಲುಗಾಡುತ್ತಿದ್ದವು.

ಅವರನ್ನು ನೋಯಿಸದ ಹಾಗೆ ಬಾಗಿಲು ಸರಿಸುವುದಕ್ಕೆ ತುಂಬಾ ಹೊತ್ತು ಹಿಡಿಯಿತು. ಬೋರಲಾಗಿ ಬಿದ್ದಿದ್ದರು. ಎಡಗೈ ಮೈಯಡಿಗೆ ಸಿಕ್ಕಿಕೊಂಡಿತ್ತು, ಬಲಗೈ ಬಾಗಿಲ ಕಡೆ ಚಾಚಿತ್ತು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಕಣ್ಣು ತೆರೆದಿತ್ತು. ಏನೋ ಹೇಳಲು ನೋಡಿದರು, ಮಾತು ತೊದಲಿ ಅರ್ಥವಾಗಲಿಲ್ಲ. ಆಂಬುಲೆನ್ಸ್ ಬರುವವರೆಗೆ ನಾನು ಅವರ ತಲೆಯ ಹತ್ತಿರ ಕೂತು "ಬಂದ್ರು ಕಾಕ, ಈಗ ಬಂದ್ರು" ಎನ್ನುತ್ತಿದ್ದೆ. ಮೆದುಳಿಗೆ ರಕ್ತ ಹೋಗದೆ ಮೈಯ ಎಡಭಾಗ ಬಿದ್ದುಹೋಗಿದೆ ಎಂದರು ಆಸ್ಪತ್ರೆಯಲ್ಲಿ. ಇನ್ನೊಂದು ದಿನ ಹಾಗೇ ಬಿದ್ದಿದ್ದರೆ ಬದುಕುವುದು ಕಷ್ಟವಿತ್ತು ಎಂದೂ ಹೇಳಿದರು. ಬಂಟ್ವಾಳದ ಮನೆಗೆ ಫೋನ್ ಮಾಡುವ ಕಷ್ಟವನ್ನು ನನ್ನ ಗಂಡ ವಹಿಸಿಕೊಂಡರು.

ಇಲ್ಲಿಯವರೆಗೆ ಆದದ್ದನ್ನು ಹೇಗೋ ಒಪ್ಪಿಕೊಳ್ಳಬಹುದು. ಮನಸ್ಸು ಒಮ್ಮೊಮ್ಮೆ ಕಾರಣವಿಲ್ಲದೆ ಕಳವಳಪಡುತ್ತದೆ. ನೂರು ಸಲದಲ್ಲಿ ತೊಂಬತ್ತೊಂಬತ್ತು ಸಲ ಏನೂ ಆಗಿರುವುದಿಲ್ಲ, ನಾವು ಮರೆತುಬಿಡುತ್ತೇವೆ. ಒಮ್ಮೆ ಆಗಿಬಿಡುತ್ತದೆ, ಅದನ್ನೇ ಹೇಳುತ್ತ ತಿರುಗುತ್ತೇವೆ. ಶುಕ್ರವಾರ, ಶನಿವಾರ ನನಗೆ ನಾನೇ ಹೀಗೆ ಹೇಳಿಕೊಂಡೆ.

ಭಾನುವಾರ ಕೆಲಸಕ್ಕೆ ಹೋದಾಗ ರೀಮಾ ನಾನು ಗುರುವಾರ ಬರೆದ ಫಾರ್ಮುಗಳನ್ನು ನೋಡುತ್ತಿದ್ದಳು. ನನ್ನನ್ನು ಕರೆದಳು.

"ನಲವತ್ತೇಳು. ಇದರಲ್ಲಿ ಯಾವ ಗಂಡಸು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಬಾಗಿಲ ಹತ್ತಿರ ಬಿದ್ದಿದ್ದಾನಲ್ಲ" ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಅವಳು ಚಿತ್ರವನ್ನು ನನ್ನ ಕಡೆ ತಿರುಗಿಸಿದಳು. ಮಂಚ, ಆರು ಗಾಜಿನ ಕಿಟಕಿ, ಮುಚ್ಚಿದ ಬಾಗಿಲು, ಹಲಗೆಯ ನೆಲ. ನೆಲದ ಮೇಲೆ ಯಾರೂ ಇರಲಿಲ್ಲ.

ಫಾರ್ಮಿನಲ್ಲಿ ನಾನು ಬರೆದದ್ದು ಇಷ್ಟು: ಬಾಗಿಲ ಬಳಿ ನೆಲದ ಮೇಲೆ ಒಬ್ಬ ಗಂಡಸು, ಬೋರಲಾಗಿ. ಎಡಗೈ ಬಾಗಿಲ ಕಡೆ ಚಾಚಿದೆ. ಒಂದು ಕಾಲು ಬರಿಗಾಲು. ಮೊಣಕೈಯ ನೆರಳನ್ನು ಅಡ್ಡಗೆರೆಗಳಿಂದ ತುಂಬಿದ್ದಾಳೆ. ಸೇವ್ ಆದ ಸಮಯ ಹನ್ನೊಂದು ನಲವತ್ತೊಂದು. ಇಸ್ಮಾಯಿಲ್ ಕಾಕನನ್ನು ನಾವು ನೋಡುವುದಕ್ಕೆ ನಾಲ್ಕು ತಾಸಿಗೂ ಹೆಚ್ಚು ಮೊದಲು.

ನಾನು ಕುರ್ಚಿ ಹಿಡಿದುಕೊಂಡು ಕೂತೆ. ಗುರುವಾರ ಬೆಳಿಗ್ಗೆ ನಾನೇ ಹಿಡಿದ ಫೋಟೋ ತೆಗೆದು ನೋಡಿದೆ, ಅದರಲ್ಲೂ ಯಾರಿಲ್ಲ. ಬೇರೆ ಚಿತ್ರದೊಂದಿಗೆ ಗೊಂದಲವಾಗಿರಬೇಕು ಎಂದು ಕಟ್ಟಿನ ಎಲ್ಲ ಚಿತ್ರಗಳನ್ನೂ ಮತ್ತೆ ಒಂದೊಂದಾಗಿ ನೋಡಿದೆ. ಬಿದ್ದ ಮನುಷ್ಯ ಎಲ್ಲೂ ಇಲ್ಲ. ಆದರೆ ಆ ಮೊಣಕೈಯ ನೆರಳು ನನ್ನ ಕಣ್ಣಲ್ಲಿ ಹಾಗೇ ಇತ್ತು. ಈಗಲೂ ಇದೆ. ಬೇಕಾದರೆ ಬರೆದು ತೋರಿಸಬಲ್ಲೆ.

ರೀಮಾ ನನ್ನನ್ನು ಹುಚ್ಚಿ ಎನ್ನಲಿಲ್ಲ. "ತಗಡು ನೋಡೋಣ" ಎಂದಳು. ಕಟ್ಟಿನಲ್ಲಿ ಬಂದಿದ್ದ ತಗಡುಗಳಲ್ಲಿ ಈ ಚಿತ್ರದ್ದೂ ಒಂದಿತ್ತು. ಅದನ್ನು ಬಟ್ಟೆಯಿಂದ ಬಿಚ್ಚಿದ್ದು ಅಂದೇ ಮೊದಲು. ಅವಳು ದೀಪ ಹಿಡಿದು ತಗಡನ್ನು ಓರೆ ಮಾಡಿದಳು. ಬಾಗಿಲ ಬಳಿ ನೆಲದ ಜಾಗದಲ್ಲಿ ತಾಮ್ರ ಉಳಿದ ಕಡೆಗಿಂತ ತುಸು ತಗ್ಗಾಗಿತ್ತು, ನುಣುಪಾಗಿತ್ತು. ಮಾಡಿದ ಚಿತ್ರ ಬೇಡವೆನಿಸಿದರೆ ತಾಮ್ರವನ್ನು ಹೆರೆದು, ಉಜ್ಜಿ ನಯಮಾಡಿ ಮತ್ತೆ ಹೊಸದಾಗಿ ಕೊರೆಯುತ್ತಾರೆ. ಅಗಾತಾ ಅಲ್ಲಿ ಏನನ್ನೋ ಅಳಿಸಿ, ಅದರ ಮೇಲೆ ಹಲಗೆಯ ಗೆರೆಗಳನ್ನು ಎಳೆದಿದ್ದಳು. ಆದರೆ ಪೂರ್ತಿ ಹೋಗಿರಲಿಲ್ಲ. ದೀಪದ ಓರೆ ಬೆಳಕಿನಲ್ಲಿ, ಹೊಸ ಗೆರೆಗಳ ಅಡಿಯಲ್ಲಿ, ಬೋರಲಾಗಿ ಬಿದ್ದ ಮನುಷ್ಯನ ಆಕಾರ ಕಂಡಿತು. ತಗಡಿನಲ್ಲಿ ಚಾಚಿದ್ದು ಬಲಗೈ. ಕಾಗದದ ಮೇಲೆ ಒತ್ತಿದರೆ ಅದು ಎಡಗೈ ಆಗುತ್ತಿತ್ತು, ನಾನು ಬರೆದ ಹಾಗೆ.

ರೀಮಾ ದೀಪ ಆರಿಸಿದಳು. ತಗಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟಳು.

ಮನುಷ್ಯನಿರುವ ಮೊದಲ ಅಚ್ಚು ಎಲ್ಲಾದರೂ ಉಳಿದಿದೆಯೇ ಎಂದು ರೀಮಾ ಆ ಚಿತ್ರಗಳನ್ನು ಮಾರಿದವರಿಗೆ ಬರೆದು ಕೇಳಿದಳು. ಯಾರೂ ಕಂಡಿಲ್ಲ, ಕೇಳಿಲ್ಲ ಎಂದು ಉತ್ತರ ಬಂತು. ಅಂದರೆ ನಾನು ಅದನ್ನು ಯಾವ ಪುಸ್ತಕದಲ್ಲೂ ಮೊದಲು ನೋಡಿರಲು ಸಾಧ್ಯವಿರಲಿಲ್ಲ. ಪತ್ರಗಳ ಕಟ್ಟನ್ನು ಅನುವಾದಕ್ಕೆ ಕಳಿಸಿದೆವು. ಅದು ಬರುವುದಕ್ಕೆ ಎರಡು ತಿಂಗಳು ಹಿಡಿಯಿತು.

ಆ ಎರಡು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಮಗಳು ಶಾಲೆಯಿಂದ ಹತ್ತು ನಿಮಿಷ ತಡವಾದರೆ ಬಾಲ್ಕನಿಯಲ್ಲಿ ನಿಲ್ಲುತ್ತಿದ್ದೆ. ಹೊಸ ಚಿತ್ರವೊಂದನ್ನು ಮೇಜಿನ ಮೇಲೆ ಇಡುವಾಗ ಕೈ ಹಿಂಜರಿಯುತ್ತಿತ್ತು. ಬರೆದದ್ದನ್ನು ರೀಮಾಳಿಗೆ ತೋರಿಸಿ, "ಇದು ಇದೆ ತಾನೇ?" ಎಂದು ಕೇಳುತ್ತಿದ್ದೆ. ನನ್ನ ಕಣ್ಣನ್ನು ನಂಬುವ ಧೈರ್ಯ ಹೋಗಿತ್ತು.

ಅಕ್ಟೋಬರಿನಲ್ಲಿ ಅನುವಾದ ಬಂತು. ಹೆಚ್ಚಿನವು ಕಾಗದ, ಮಸಿ, ಚಳಿ, ಮೀನಿನ ವಿಷಯ. ಗೆಳತಿಗೆ ಬರೆದ ಒಂದು ಪತ್ರದಲ್ಲಿ ಮಾತ್ರ ತಮ್ಮನ ಸುದ್ದಿಯಿತ್ತು. ಅವನಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಕಾರ್ಖಾನೆಗೆ ರಜೆಯಿದ್ದ ಒಂದು ಮಧ್ಯಾಹ್ನ ಅವಳು ಕೆಳಗೆ ಅಚ್ಚುಹಾಕುತ್ತಿದ್ದಾಗ ಕಾರಣವಿಲ್ಲದೆ ಮನಸ್ಸು ತಳಮಳಿಸಿತಂತೆ. ಕೈಯಲ್ಲಿ ಮಸಿ ಹಾಗೇ ಇತ್ತು, ಮೇಲೆ ಹತ್ತಿ ಹೋಗಿ ಅವನ ಬಾಗಿಲ ಮುಂದೆ ನಿಂತಳು. ಒಳಗೆ ಸದ್ದಿರಲಿಲ್ಲ. ಮಲಗಿದ್ದಾನೆ, ಎಬ್ಬಿಸುವುದು ಬೇಡ ಎಂದುಕೊಂಡಳು. ಒದ್ದೆ ಮಾಡಿಟ್ಟ ಕಾಗದ ಒಣಗಿಹೋಗುತ್ತದೆಂದು ಕೆಳಗೆ ಬಂದು ಉಳಿದ ಪ್ರತಿಗಳನ್ನು ಮುಗಿಸಿದಳು. ಸಂಜೆ ಬಾಗಿಲು ತೆಗೆಯಲು ಹೋದರೆ ಅದು ಅರ್ಧಕ್ಕೆ ನಿಂತಿತು.

ಅವನು ಬಿದ್ದಿದ್ದ ಹಾಗೆಯೇ ಅವಳು ಅದನ್ನು ತಾಮ್ರದಲ್ಲಿ ಕೊರೆದಳು. ಒಂದೇ ಪ್ರತಿ ತೆಗೆದಳು. ಅದನ್ನು ನೋಡಲಾಗದೆ ಒಲೆಗೆ ಹಾಕಿ, ತಗಡಿನಿಂದ ಅವನನ್ನು ಅಳಿಸಿದಳು. ಅಳಿಸುವುದಕ್ಕೆ ಒಂಬತ್ತು ದಿನ ಹಿಡಿಯಿತು, ಆದರೂ ಬೆರಳಿಗೆ ಅವನು ಸಿಗುತ್ತಾನೆ ಎಂದು ಬರೆದಿದ್ದಳು.

ಆ ಪತ್ರವನ್ನು ನಾನು ಆಫೀಸಿನಲ್ಲಿ ಓದಲಾರದೆ ಕಾರಿನಲ್ಲಿ ಕೂತು ಓದಿದೆ. ನನಗೆ ಅಗಾತಾಳ ಮೇಲೆ ಸಿಟ್ಟು ಬರಲಿಲ್ಲ. ಎಷ್ಟು ಜನರ ಬಾಗಿಲ ಮುಂದೆ ನಾವೂ ಹಾಗೆ ನಿಂತು, ಮಲಗಿರಬೇಕು ಎಂದುಕೊಂಡು ಹಿಂದಕ್ಕೆ ಬಂದಿದ್ದೇವೋ.

ಈ ವಿಷಯವನ್ನು ನಾನು ಗಂಡನಿಗೆ ಹೇಳಿದೆ, ರೀಮಾಳಿಗೆ ಗೊತ್ತಿತ್ತು. ಇಸ್ಮಾಯಿಲ್ ಕಾಕನಿಗೆ ಹೇಳಿರಲಿಲ್ಲ. ಕಾಯಿಲೆಯವರ ಮುಂದೆ ಹೇಳುವ ಮಾತೇ ಅದು? ಅಷ್ಟರಲ್ಲಿ ಅವರು ಆಸ್ಪತ್ರೆಯಿಂದ ಬಂದು ಮನ್ಸೂರಾದಲ್ಲೇ ಸಂಬಂಧಿಕರ ಮನೆಯಲ್ಲಿದ್ದರು. ಎಡಗಾಲು ಎಳೆಯುತ್ತಿತ್ತು, ಮಾತು ಮೆಲ್ಲಗೆ ಮರಳಿತ್ತು. ಕೆಲಸ ಖಲಾಸ್ ಮಾಡಿ ಊರಿಗೆ ಹೋಗುವುದೆಂದು ತೀರ್ಮಾನವಾಗಿ, ಕರೆದುಕೊಂಡು ಹೋಗಲು ಅಳಿಯ ಬಂದಿದ್ದ. ನವೆಂಬರಿನ ಒಂದು ಸಂಜೆ, ಅವರು ಹೊರಡುವ ಹಿಂದಿನ ದಿನ, ನೀರುದೋಸೆ ಮಾಡಿಕೊಂಡು ನಾವು ನೋಡಲು ಹೋದೆವು. ನನ್ನ ಗಂಡ ಮತ್ತು ಅಳಿಯ ಬಾಲ್ಕನಿಯಲ್ಲಿ ಟಿಕೆಟ್ಟಿನ ವಿಷಯ ಮಾತಾಡುತ್ತಿದ್ದರು. ಇಸ್ಮಾಯಿಲ್ ಕಾಕ ಬಲಗೈಯಿಂದ ದೋಸೆ ಮುರಿಯುತ್ತ ನನ್ನನ್ನು ನೋಡಿದರು.

"ಟೀಚರ್, ಒಂದು ಕೇಳ್ಬೇಕೂಂತ ಆವತ್ತಿಂದ ಉಂಟು. ಬೇಜಾರ್ ಮಾಡ್ಬಾರ್ದು."

"ಕೇಳಿ ಕಾಕ."

"ನೀವು ಮೊದಲೊಮ್ಮೆ ಬಂದದ್ದಲ್ವಾ, ಮಧ್ಯಾಹ್ನ ಲುಹರ್ ಬಾಂಗ್ ಆಗುವಾಗ? ಬಾಗಿಲ ಹತ್ರ ಬಂದು ನಿಂತ್ರಿ. ನಂಗೆ ಗೊತ್ತಾಯ್ತು. ಕರೆದೆ, ಬಾಯಿಂದ ಶಬ್ದ ಬರ್ಲಿಲ್ಲ. ನೀವು ಸ್ವಲ್ಪ ಹೊತ್ತು ನಿಂತು ವಾಪಸ್ ಹೋದ್ರಿ. ತಟ್ಟಲೂ ಇಲ್ಲ. ಯಾಕೆ ಹೋದದ್ದು?"

"ನಾನೂಂತ ಹೇಗೆ ಗೊತ್ತಾಯ್ತು ಕಾಕ?"

"ಹೆಂಗಸಿನ ಹೆಜ್ಜೆ ಅಲ್ವಾ, ಗೊತ್ತಾಗ್ತದೆ. ಬಾಗಿಲಿನ ಅಡಿಯಲ್ಲಿ ಲಂಗದ ಅಂಚು ಸಹ ಕಂಡಿತು. ನಮ್ಮ ಬಿಲ್ಡಿಂಗಿಗೆ ನನ್ನನ್ನು ಕೇಳಿಕೊಂಡು ಬೇರೆ ಯಾವ ಹೆಂಗಸು ಬರ್ತಾರೆ?"

ಆ ಹೊತ್ತಿಗೆ ನಾನು ಅಲ್ಲಿಂದ ಎಷ್ಟೋ ದೂರದಲ್ಲಿ, ವಿಲ್ಲಾದ ತಣ್ಣಗಿನ ಕೋಣೆಯಲ್ಲಿ ಕೂತು ಟೈಪ್ ಮಾಡುತ್ತಿದ್ದೆ ಎಂದು ಹೇಳಬೇಕಿತ್ತು. ನಾನು ಲಂಗ ಹಾಕುವವಳಲ್ಲ, ಅಂದು ಚೂಡಿದಾರ್ ಹಾಕಿದ್ದೆ ಎಂದೂ ಹೇಳಬಹುದಿತ್ತು. ಆದರೆ ಅವರ ಮುಖದಲ್ಲಿ ದೂರು ಇರಲಿಲ್ಲ, ಒಂದು ಉತ್ತರ ಸಿಕ್ಕಿದರೆ ಸಾಕೆಂಬ ಹಾಗಿತ್ತು. ಯೋಚಿಸುವ ಮೊದಲೇ ನನ್ನ ಬಾಯಿಂದ ಮಾತು ಬಂದಿತ್ತು.

"ತಪ್ಪಾಯ್ತು ಕಾಕ. ನೀವು ಮಲಗಿದ್ದೀರಿ ಅಂದುಕೊಂಡೆ."

ಅವರು ತಲೆಯಾಡಿಸಿದರು. ದೋಸೆಯ ತುಂಡನ್ನು ತಟ್ಟೆಯಲ್ಲಿಟ್ಟು, ಆ ಒರಟು ಕೈಯನ್ನು ನನ್ನ ತಲೆಯ ಮೇಲೆ ಇಟ್ಟರು.

"ಅಡ್ಡಿಲ್ಲ ಟೀಚರ್. ಮತ್ತೆ ಬಂದಿರಲ್ಲ."

ಆಮೇಲೆ ಒಂದು ದಿನ ನಾನೊಬ್ಬಳೇ ಆ ಕಟ್ಟಡಕ್ಕೆ ಹೋಗಿ ನಾತೂರ್‌ನನ್ನು ವಿಚಾರಿಸಿದೆ. ಅಂದು ಮಧ್ಯಾಹ್ನ ಯಾವ ಹೆಂಗಸೂ ಮೇಲೆ ಹೋಗಲಿಲ್ಲ ಎಂದ. ಆದರೆ ಅವನು ಊಟಕ್ಕೆ ಹೋಗಿದ್ದಿರಬಹುದು, ಧೂಳಿಗೆ ಹೆದರಿ ಒಳಗೆ ಕೂತಿದ್ದಿರಬಹುದು. ಇಸ್ಮಾಯಿಲ್ ಕಾಕನಿಗೆ ಆ ಸ್ಥಿತಿಯಲ್ಲಿ ಏನೋ ಕಂಡು ಏನೋ ಕೇಳಿಸಿರಬಹುದು. ನಾನು ಬರೆದದ್ದಕ್ಕೂ ಒಂದು ಕಾರಣ ಇರಬಹುದು, ಅಳಿಸಿದ ಗೆರೆಯ ಸುಳಿವು ಕಾಗದದ ಮೇಲೆ ಎಲ್ಲೋ ಉಳಿದು ನನ್ನ ಕಣ್ಣಿಗೆ ಬಿದ್ದಿರಬಹುದು. ರೀಮಾ ಭೂತಗನ್ನಡಿ ಹಿಡಿದು ಹುಡುಕಿದಳು, ಸಿಗಲಿಲ್ಲ. ಬಂಟ್ವಾಳದಿಂದ ಇಸ್ಮಾಯಿಲ್ ಕಾಕ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾರೆ. ಅಂದು ಮಧ್ಯಾಹ್ನ ನಾನು ಬಂದೇ ಇರಲಿಲ್ಲ, ನಾನು ಹೇಳಿದ್ದು ಸುಳ್ಳು ಎಂದು ಅವರಿಗೆ ಹೇಳಲು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ಆದರೆ ಅದು ಸುಳ್ಳೇ ಎಂದು ನನಗೆ ಖಚಿತವಿಲ್ಲ.